ಇಸ್ತ್ರಿ ಕೆಡದ ಯೂನಿಫಾರ್ಮ್

ಇಸ್ತ್ರಿಯವನು ಬಟ್ಟೆ ಒತ್ತುತ್ತಲೇ ಕಿವಿ ನಿಮಿರಿಸಿದ. ಸೀರೆ ಒಯ್ಯಲು ಬಂದ ಟೀಚರು, ಮಗಳ ಯೂನಿಫಾರ್ಮ್ ತಂದ ತಾಯಿಯನ್ನು ಅಂಗಡಿ ಬಾಗಿಲಲ್ಲೇ ಹಿಡಿದಿದ್ದರು.

“ನಿಮ್ಮ ಮಗಳು ಎರಡು ವಾರದಿಂದ ನಾಪತ್ತೆ. ನಾಳೆಯೂ ಬರದಿದ್ರೆ ಪರೀಕ್ಷೆಗೆ ಕೂರಿಸಲ್ಲ.”

“ದಿನಾ ಯೂನಿಫಾರ್ಮ್ ಹಾಕ್ಕೊಂಡೇ ಹೊರಡ್ತಾಳೆ. ಕಾಣಿಸದಿದ್ರೆ ಕನ್ನಡಕ ಬದಲಾಯಿಸಿ.”

“ಅವಳ ಗೆಳತಿ ಕೈಲಿ ಚೀಟಿ ಕಳಿಸಿದ್ದೆನಲ್ಲ.”

“ಗೆಳತಿ ಕೈಲಾ? ಆಹಾ, ಏನು ಬುದ್ಧಿ. ಮನೆಗೆ ಬಂದಿದ್ರೆ ಕಾಲು ಸವೀತಿತ್ತಾ?”

“ನೀವು ಒಂದು ದಿನವಾದ್ರೂ ಶಾಲೆ ಮೆಟ್ಟಿಲು ಹತ್ತಿದ್ರಾ?”

ತಾಯಿ ಇಸ್ತ್ರಿಯವನತ್ತ ತಿರುಗಿದಳು. “ನೀನೇ ಹೇಳಪ್ಪ, ದಿನಾ ಅವಳ ಯೂನಿಫಾರ್ಮ್ ಇಸ್ತ್ರಿಗೆ ತರ್ತೀನೋ ಇಲ್ವೋ?”

“ಎರಡು ವಾರದಿಂದ ನಾ ಹಾಕಿದ ಇಸ್ತ್ರಿ ಹಾಗೇ ವಾಪಸ್ ಬರ್ತಿದೆ ಅಕ್ಕ. ಬೆಂಚಲ್ಲಿ ಕೂತ ಗುರುತೇ ಇಲ್ಲ. ದಾರೀಲೇ ಬಟ್ಟೆ ಬದಲಾಯಿಸ್ತಾಳೇನೋ.”

“ಗೊತ್ತಿದ್ದೂ ಬಾಯಿ ಬಿಡಲಿಲ್ವಾ?”

“ಯಾರೂ ಕೇಳ್ಲಿಲ್ಲ.”

ಇಬ್ಬರೂ ಅವನನ್ನು ಕೊಳೆಬಟ್ಟೆಯಂತೆ ನೋಡಿದರು.

“ಇವನೊಬ್ಬ ಮಹಾನುಭಾವ,” ಎಂದರು ಟೀಚರು.

“ಬಿಡಿ ಮೇಡಂ. ಬೆಳಿಗ್ಗೆ ಮನೆಗೇ ಬನ್ನಿ. ಅವಳ ಒಂದು ಕೈ ನೀವು ಹಿಡೀರಿ, ಇನ್ನೊಂದು ನಾನು.”

ಸೀರೆ, ಯೂನಿಫಾರ್ಮ್ ಎರಡನ್ನೂ ಅಲ್ಲೇ ಮರೆತು ಒಟ್ಟಿಗೆ ಹೊರಟರು.