ಜಯಂತ ಕಾಗೆಗೆ ಕೊಟ್ಟ ಮಾತು

"ಮಧುರತ್ತೆ, ದೆವ್ವದ ಕತೆ ಹೇಳು" ಅಂತ ಪ್ರಾಣ ತಿಂತೀರಲ್ಲ ಮಕ್ಳಾ, ಆಮೇಲೆ ಬಚ್ಚಲಿಗೆ ಜೊತೆಗೆ ಬಾ ಅಂತ ನನ್ನ ಎಬ್ಬಿಸಿದ್ರೆ ಬೆನ್ನಿಗೆ ಬೀಳುತ್ತೆ, ನೋಡಿ. ಇದು ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗ ಜಯಂತನಿಗೆ ಆಗಿದ್ದು.

ತೊಂಬತ್ತೆಂಟನೇ ಇಸವಿ. ವಿಮಾನಪುರದಲ್ಲಿ ಫ್ಯಾಕ್ಟರಿ ಸೆಕೆಂಡ್ ಶಿಫ್ಟ್ ಮುಗಿಸಿ ಮಧ್ಯರಾತ್ರಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಹಾಳುಬಾವಿ ಹತ್ರ... "ಕ್ರಾ..." ಅಂತು. ಕಾಗೆ! ಅಷ್ಟು ಹೊತ್ತಲ್ಲಿ ಕಾಗೆ ಕೂಗುತ್ತಾ, ನೀವೇ ಹೇಳಿ? ಜಯಂತ ಅಲ್ಲೇ ನಿಂತ್ಬಿಟ್ಟ. ಯಾಕಂದ್ರೆ ಅವನು ಕಾಗೆಗೆ ಮಾತು ಕೊಟ್ಟು ತಪ್ಪಿದ್ದ.

ಅವನಣ್ಣ ಯಜ್ಞಣ್ಣ ಡಾಕ್ಟ್ರು. ಬಂಗಾರದಂಥ ಮನುಷ್ಯ. ಸ್ಟೆತಾಸ್ಕೋಪು ತಣ್ಣಗಿರುತ್ತೆ ಅಂತ ಅಂಗೈಲಿ ಉಜ್ಜಿ ಬಿಸಿ ಮಾಡಿಯೇ ಮಕ್ಕಳ ಎದೆಗಿಡೋನು. ಆ ವರ್ಷ ದಕ್ಷಿಣ ಧ್ರುವದ ಕಡೆ, ಹಿಮದ ಮಧ್ಯದ ಸಂಶೋಧನಾ ಕೇಂದ್ರಕ್ಕೆ ಹೋಗಿದ್ದ. ಅಲ್ಲಿದ್ದೋರಿಗೆಲ್ಲ ಅವನೊಬ್ಬನೇ ಡಾಕ್ಟ್ರು. ಚಳಿಗಾಲ ಮುಗಿಯೋವರೆಗೂ ಹಡಗಿಲ್ಲ, ವಿಮಾನವಿಲ್ಲ. ಅಷ್ಟರಲ್ಲಿ ಇಲ್ಲಿ ಅವರಮ್ಮ, ನಮ್ಮ ಸೀತಮ್ಮ ದೊಡ್ಡಮ್ಮ, ತೀರ್ಕೊಂಡ್ಬಿಟ್ರು.

ಹತ್ತನೇ ದಿನ ಪಿಂಡ ಇಟ್ರೆ ಕಾಗೆ ಮುಟ್ಟಲಿಲ್ಲ. ಕಾಂಪೌಂಡ್ ಮೇಲೆ ಕೂತು ಮುಖ ತಿರುಗಿಸ್ತಿತ್ತು. "ಏನೋ ಆಸೆ ಉಳಿದಿದೆ, ಮಾತು ಕೊಡಪ್ಪ" ಅಂದ್ರು ಪುರೋಹಿತರು. ಜಯಂತ ಒದ್ದೆ ಪಂಚೇಲೇ ಕೈಮುಗಿದ. "ಅಮ್ಮಾ, ಅಣ್ಣನಿಗೆ ಖಂಡಿತ ತಿಳಿಸ್ತೀನಿ." ಅಂದಿದ್ದೇ ತಡ, ಪಟಪಟ ರೆಕ್ಕೆ ಬಡ್ಕೊಂಡು ಬಂದು ತಿಂತು.

ಭಾನುವಾರ ಅಣ್ಣನ ಫೋನು. "ಅಮ್ಮ ಹೇಗಿದಾಳೋ?"

"ಚೆನ್ನಾಗಿದಾಳೆ... ಮಲಗಿದಾಳೆ ಕಣಣ್ಣ."

ಅಷ್ಟು ದೂರ, ಬರೋಕೂ ಆಗಲ್ಲ, ಒಬ್ಬನೇ ಹೇಗೆ ತಡ್ಕೋತಾನೆ ಅಂತ ಇವನ ಲೆಕ್ಕಾಚಾರ. ಮುಂದಿನ ವಾರಾನೂ ಅದೇ ಸುಳ್ಳು. ಅದರ ಮುಂದಿನ ವಾರಾನೂ. ಪಾಪ, ತಪ್ಪು ಅಂತ ಗೊತ್ತಿತ್ತು ಅವನಿಗೆ.

ಹಾಂ, ಆ ರಾತ್ರಿ ಜಯಂತ ಬಾವಿ ಹತ್ರ ನಿಂತಿದ್ನಲ್ಲ... ಬೆನ್ನ ಹಿಂದೆ ಕೆಮ್ಮು. ಕೊಹ್... ಕೊಹ್... ಅಮ್ಮನದೇ ಒಣಕೆಮ್ಮು.

"ಜಯೂ... ಹೇಳಿದ್ಯಾ?"

ತಿರುಗಿ ನೋಡೋ ಧೈರ್ಯ ಎಲ್ಲಿಂದ ಬರ್ಬೇಕು! "ಇಲ್ಲಮ್ಮ..."

"ಹೋಗ್ಲಿ ಬಿಡು... ನಾನೇ ಹೋಗ್ತೀನಿ."

ಆಮೇಲೆ ಬಂದ ಭಾನುವಾರ ನಾನೂ ಅವರ ಮನೇಲಿದ್ದೆ. ಫೋನು ಬಂದಾಗ ಜಯಂತನ ಪಕ್ಕ ನಿಂತು ರಿಸೀವರಿಗೆ ಕಿವಿ ಹಚ್ಚಿದ್ದೆ. "ಅಣ್ಣಾ... ಅಮ್ಮ..." ಅಂದವನೇ ಬಿಕ್ಕಿಬಿಕ್ಕಿ ಅತ್ತ. ಆ ಕಡೆಯಿಂದ ಗುಂಯ್... ಅಂತ ಬರೀ ಗಾಳಿ.

"ಗೊತ್ತು ಕಣೋ" ಅಂದ ಅಣ್ಣ. ಪಿಸುಮಾತು. "ಇಲ್ಲೇ ಇದಾಳೆ. ಹಿಮದಲ್ಲಿ ಬರಿಗಾಲಲ್ಲಿ ಬಂದಿದಾಳೆ. ಪಾದ ಎರಡೂ ಮರಗಟ್ಟಿವೆ, ಬಿಸಿನೀರಲ್ಲಿ ಇಡಿಸಿದೀನಿ... ನೀನೊಂದು ಮಾತು ಹೇಳಿದ್ರೆ ಅವಳು ಇಷ್ಟು ದೂರ ನಡೀಬೇಕಿತ್ತೇನೋ?"

ಜಯಂತ ರಿಸೀವರು ನನ್ನ ಕೈಗೆ ತುರುಕಿ ಹೊರಗೆ ಹೋಗ್ಬಿಟ್ಟ. ಇವತ್ತಿಗೂ ಆ ಒಂದು ಮಾತು ಅವನನ್ನ ತಿಂತಿದೆ, ಎದ್ದರೂ ಕೂತರೂ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ರಿಸೀವರು ಆಗ ನನ್ನ ಕೈಲಿತ್ತು. ಫೋನಿನ ಆ ಕಡೆ ಬೋಗುಣಿ ನೀರಲ್ಲಿ ಯಾರೋ ಮೆಲ್ಲಗೆ ಕಾಲಾಡಿಸಿದ ಸದ್ದು... ಚುಳುಕ್... ಚುಳುಕ್... ದೇವರಾಣೆ, ಈ ಕಿವಿಯಾರೆ ಕೇಳಿದೀನಿ.