ಬೆನ್ನ ಮೇಲಿನ ಕೈ

ಸಂಜೆ ಕ್ಲಾಸಿಗೆ ಹೊರಟಿದ್ದ ಸಿದ್ದಲಿಂಗಪ್ಪ ಮುಲುಂಡಿನ ಆಸ್ಪತ್ರೆಯೊಂದರ ಎದುರು ಬಸ್ಸಿಗೆ ಕಾಯುತ್ತಿದ್ದ. ಮಗಳನ್ನು ವಾರ್ಡಿನಲ್ಲಿ ನೋಡಿ ಬಂದ ಗಂಡ ಹೆಂಡತಿ ಪಕ್ಕದ ಕಟ್ಟೆಯ ಮೇಲೆ ಕುಳಿತರು. ಮಾತು ಧಾರವಾಡದ ಕಡೆಯದು. ಪರರ ದುಃಖ ಕದ್ದು ಕೇಳಬಾರದೆಂದು ಅವನು ಶಾರ್ಟ್‌ಹ್ಯಾಂಡ್ ಪುಸ್ತಕ ಬಿಚ್ಚಿದ. ಹಾಳೆ ಮಾತ್ರ ಮಗುಚಲಿಲ್ಲ.

“ಮೊಣಕಾಲ ನೋಯತದ ಅಂತ ಎಂಟು ದಿನಾ ಅತ್ತಳು. ನೀವು ಕೇಳಲಿಲ್ಲ.”

“ಖೋಖೋ ಫೈನಲ್ ಇತ್ತಲ್ಲ ಅಂಬವ್ವಾ. ಒಂದು ಆಟ ತಡಕೋತಾಳ ಅಂದ್ಕೊಂಡೆ.”

“ಆಟ ಅಕಿದೋ, ನಿಮ್ದೋ?”

ಗಂಡ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿ ಮಡಚಿದ.

“ದಿನಾ ಮುಂಜಾನೆ ಮಲಗಿದ ಕೂಸಿನ ಬೆನ್ನಿಗೆ ಬಡದು ‘ಖೋ’ ಅಂತಿದ್ರಿ. ದಡಕ್ಕನ ಎದ್ದು ಓಡತಿದ್ಲು. ಚಾಳಿನ ಮಂದಿ ನಗತಿದ್ರು.”

“ಅಕಿನೂ ನಗತಿದ್ಲು.”

“ಮೊದಮೊದಲು.”

“ಇನ್ನ ಓಡಾಕ ಆಗೂದಿಲ್ಲ ಅಂತ ಡಾಕ್ಟರ್ ಅಂದಾಗ, ಸಮಾಧಾನ ಮಾಡೂಣಂತ ಬೆನ್ನ ಮ್ಯಾಲ ಕೈ ಇಟ್ಟೆ. ನಿನ್ನಾಣಿ, ಖೋ ಅನ್ನಲೇ ಇಲ್ಲ. ಪ್ಲಾಸ್ಟರ್ ಕಾಲು ಊರಿ ಏಳಾಕ ಹೊಂಟ್ಲು.”

“ಗೊತ್ತದ. ನಾನ ಹಿಡಕೊಂಡೆ.”

ಗಂಡ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಬಸ್ ಬಂತು. ಅವನನ್ನು ಎಬ್ಬಿಸಲು ಅಂಬವ್ವನ ಕೈ ಬೆನ್ನಿನ ತನಕ ಹೋಯಿತು, ಮುಟ್ಟದೆ ಅಲ್ಲೇ ನಿಂತಿತು. ಆಮೇಲೆ ಅವಳು ಮೆಲ್ಲಗೆ ಅವನ ತೋಳು ಹಿಡಿದಳು.

“ಏಳ್ರಿ,” ಅಂದಳು. “ಸಾವಕಾಶ ಏಳ್ರಿ.”