ಬಾಲ ಒಣಗುವ ಮೊದಲು

ಮುಟ್ಟಬೇಡ ಅಕ್ಕ, ಅದಿನ್ನೂ ಒಣಗಿಲ್ಲ. ಉಪ್ಪು ಹಚ್ಚಿ ಇಟ್ಟಿದ್ದೀನಿ. ಆ ವಾಸನೆ ಕೈಗೆ ಹತ್ತಿದ್ರೆ ಸೋಪು ಹಾಕಿ ತಿಕ್ಕಿದ್ರೂ ಹೋಗಲ್ಲ, ಆಮೇಲೆ ನನಗೇ ಬೈತೀಯ. ಬಾ, ಈ ಕಡೆ ಕೂತ್ಕೋ. ಆ ಸ್ಟೂಲ್ ಬೇಡ, ಅದರದ್ದೊಂದು ಕಾಲು ಅಲ್ಲಾಡುತ್ತೆ... ಆ ಪೆಟ್ಟಿಗೆ ಮೇಲೆ ಕೂತ್ಕೋ. ಹಾಂ, ಗಟ್ಟಿಯಾಗೇ ಇದೆ, ಕೂತ್ಕೋ.

ಬರೀ ಬಾಲ ಅದು. ನನ್ನ ಎದೆಯಷ್ಟು ಅಗಲ ಇದೆ ನೋಡು. ಬರೀ ಬಾಲವೇ ಇಷ್ಟಿದ್ರೆ ಮೀನು ಎಷ್ಟಿರಬೇಡ, ಲೆಕ್ಕ ಹಾಕು. ಕಟ್ಟೆ ಮೇಲೆ ತೂಗುಹಾಕಿದಾಗ ಕ್ರೇನಿನವನು ಎರಡು ಸಲ ತೂಕದ ಮುಳ್ಳು ನೋಡಿದ. ಭಾವನ ಎರಡರಷ್ಟು ತೂಕ... ಅಂದ್ರೆ, ಯಾವುದಾದ್ರೂ ದೊಡ್ಡ ಆಳಿನ ಎರಡರಷ್ಟು ಅಂತ. ಸುಮ್ಮನೆ ಒಂದು ಮಾತಿಗೆ ಹೇಳಿದೆ.

ಇಲ್ಲಿ ತುಂಬಾ ಸೆಕೆ ಅಲ್ವಾ? ತಗಡಿನ ಚಾವಣಿ. ಬಾಗಿಲು ತೆಗೆದೇ ಇರಲಿ. ನೀರು ಕುಡೀತೀಯಾ? ಬೇಡ್ವಾ. ಸರಿ.

ನಿನಗೆ ಬೇಕಾದ್ದೆಲ್ಲ ಈ ಚೀಲದಲ್ಲಿ ಹಾಕಿದ್ದೀನಿ. ಕಾಲಿಗೆ ಹಾಕೋ ರೆಕ್ಕೆ, ಕೈಗವಸು, ಅವರ ಈಟಿ ಕೋವಿ. ಕೋವಿಯ ರಬ್ಬರು ಬಿಚ್ಚಿದ್ದೀನಿ, ಹೆದರಬೇಡ. ರಬ್ಬರ್ ಸೂಟ್ ಇಲ್ಲ, ಅದನ್ನ ಆಸ್ಪತ್ರೆಯವರು ಕತ್ತರಿಸಿಬಿಟ್ರು. ಸೊಂಟದ ಸೀಸದ ಬೆಲ್ಟು ಸಮುದ್ರಕ್ಕೆ ಹೋಯ್ತು, ಅದು ನಿನಗೆ ಗೊತ್ತೇ ಇದೆ, ಪೊಲೀಸಿನವರ ಮುಂದೆ ಹೇಳುವಾಗ ನೀನೂ ಇದ್ದೆ. ಮಾಸ್ಕು ಮಾತ್ರ ಆ ಪೆಟ್ಟಿಗೇಲಿ ಇರಬೇಕು. ಅವತ್ತು ದೋಣಿಯಿಂದ ಇಳಿಸಿ ತಂದಿಟ್ಟಿದ್ದು, ಆಮೇಲೆ ನಾನು ಮುಚ್ಚಳಾನೇ ತೆಗೆದಿಲ್ಲ. ತೆಗೆಯೋಕೆ ಮನಸ್ಸಾಗಲಿಲ್ಲ. ಆಮೇಲೆ ನೋಡೋಣ, ಅವಸರ ಏನಿಲ್ಲ.

ಮೊದಲು ನಾಳೆ ಸಮಾರಂಭದ ವಿಷಯ ಹೇಳು. ಬರ್ತೀಯ ತಾನೆ?

ಅಲ್ಲ, ಯೋಚನೆ ಮಾಡಿ ಹೇಳ್ತೀನಿ ಅಂದ್ರೆ ಹೇಗೆ ಅಕ್ಕ? ಅಂದೆಯೋ ಇಲ್ವೋ, ಮುಖ ಹಾಗೇ ಹೇಳ್ತಿದೆ. ನಮ್ಮ ಮೀನು ಬೇಟೆ ಕ್ಲಬ್ಬಿನ ಅಧ್ಯಕ್ಷರು ಮನೆಗೇ ಬಂದಿದ್ರು. ಈ ಬಾಲ ಕ್ಲಬ್ಬಿನ ಗೋಡೆ ಮೇಲೆ ಹೋಗುತ್ತೆ, ಕೆಳಗೆ ನನ್ನ ಹೆಸರು. ಈ ತೀರದಲ್ಲಿ ಈಟಿಯಿಂದ ಹೊಡೆದ ಟ್ಯೂನಾಗಳಲ್ಲೇ ದೊಡ್ಡದು ಅಂತ. ಮೊದಲು ಭಾವನಿಗೋಸ್ಕರ ಎಲ್ಲರೂ ಎದ್ದು ನಿಂತು ಮೌನ. ಆಮೇಲೆ ಉಳಿದಿದ್ದು. ಆದ್ರೆ ಅವರು ಒಂದು ಮಾತು ಹೇಳಿದ್ರು... ನಿಮ್ಮ ಅಕ್ಕ ಬಂದು ನಿಮ್ಮ ಪಕ್ಕ ನಿಂತ್ರೆ ಮಾಡೋಣ, ಇಲ್ಲಾಂದ್ರೆ ಬೇಡ, ಜನ ಏನೇನೋ ಮಾತಾಡ್ತಾರೆ ಅಂತ. ಜನಕ್ಕೇನು, ಎಲುಬಿಲ್ಲದ ನಾಲಿಗೆ. ಮನುಷ್ಯ ಹೋದ, ಇವನು ಮಾತ್ರ ಮೀನು ಬಿಡಲಿಲ್ಲ ಅಂತೆ. ಐಸ್ ಫ್ಯಾಕ್ಟರಿ ಮುಂದೆ ನಾನು ಹೋದ್ರೆ ಮಾತು ನಿಲ್ಲುತ್ತೆ. ನೀನು ಬಂದು ನಿಂತ್ಕೋ, ಏನೂ ಮಾತಾಡೋದು ಬೇಡ. ನೀನು ನಿಂತ್ರೆ ಸಾಕು, ಎಲ್ಲರ ಬಾಯಿಗೂ ಬೀಗ.

ಏನು ನೋಡ್ತಿದ್ದೀಯ? ಇದಾ, ಮಣಿಕಟ್ಟಾ? ಇದು ಹಗ್ಗ ಉಜ್ಜಿದ್ದು. ಮೀನು ಎಳೆದಾಗ. ಹಗ್ಗ ಸುತ್ತಿಕೊಂಡುಬಿಟ್ರೆ ಕೈಯೇ ಹೋಗುತ್ತೆ, ನನಗೆ ಇಷ್ಟಕ್ಕೇ ಬಿಡ್ತು.

ನಿನಗೆ ಈ ಕೆಲಸ ಮೊದಲಿಂದ್ಲೂ ಆಗಿಬರಲ್ಲ. ಸೊಂಟದ ತನಕ ನೀರು ಬಂದ್ರೆ ಕಿರುಚೋಳು ನೀನು, ಹೋಗಿ ಹೋಗಿ ಇಂಥವರನ್ನ ಕಟ್ಕೊಂಡೆ. ದಿನವಿಡೀ ಟಾರ್ಪಾಲಿನ್ ಹೊಲಿದು ಬಂದು, ಸಂಜೆ ಕೂತು ಗಂಡನ ಸೂಟಿಗೆ ತೇಪೆ ಹಾಕ್ತಿದ್ದೆ. ಭಾವ ಏನಂತಿದ್ರು ಗೊತ್ತಾ? ನನ್ನ ಹೆಂಡತಿ ಹೊಲಿಗೆ ಹಾಕಿದ ಜಾಗ ಒಂದೇ ಈ ಸೂಟಿನಲ್ಲಿ ಗಟ್ಟಿ ಇರೋದು ಅಂತ. ನಗು ಬಂತಾ? ಇಲ್ವಾ... ನನಗೆ ಬಂತು.

ನನಗೆ ಕಲಿಸಿದ್ದು ಅವರೇ ಅಲ್ವಾ. ಉಸಿರು ಕಟ್ಟೋದು, ಕೆಳಗೆ ಅಲ್ಲಾಡದೆ ಕಾಯೋದು, ದೊಡ್ಡ ಮೀನಿನ ಕಣ್ಣು ನೋಡದೆ ಇರೋದು. ಕಣ್ಣು ನೋಡಿದ್ರೆ ತಿರುಗಿಬಿಡುತ್ತೆ ಅದು. ಒಬ್ಬ ಕೆಳಗೆ ಹೋದಾಗ ಇನ್ನೊಬ್ಬ ಮೇಲೆ ಇರಬೇಕು, ಕಣ್ಣು ತೆಗೀಬಾರದು. ಯಾಕಂದ್ರೆ ಎಚ್ಚರ ತಪ್ಪೋದು ಆಳದಲ್ಲಲ್ಲ, ಇನ್ನೇನು ಮೇಲೆ ಬಂದೆ ಅನ್ನುವಾಗ. ನೋವಿಲ್ಲ ಏನಿಲ್ಲ, ದೀಪ ಆರಿಸಿದ ಹಾಗೆ. ನನಗೇ ಆಗಿತ್ತಲ್ಲ, ಹೇಳಿರಲಿಲ್ವಾ ಭಾವ? ನಿನಗೆ ಹೇಳಿರಲ್ಲ, ಹೇಳಿದ್ರೆ ನೀನು ನಮ್ಮನ್ನ ಮನೆಯಿಂದಾಚೆ ಬಿಡ್ತಿರಲಿಲ್ಲ.

ಶುರುವಿನ ದಿನಗಳಲ್ಲಿ. ಮೇಲೆ ಬರ್ತಾ ಬರ್ತಾ ಎಚ್ಚರ ಹೋಯ್ತು. ಭಾವ ಆಗ ತಾನೇ ಒಂದು ಮೀನಿಗೆ ಈಟಿ ಹೊಡೆದಿದ್ರು, ಚೆನ್ನಾಗಿದ್ದಿದ್ದೇ. ಅದನ್ನ ಹಗ್ಗ, ತೇಲೋ ಬುಂಡೆ ಸಮೇತ ಬಿಟ್ಟುಬಂದ್ರು. ಮೊದಲು ನನ್ನ ಸೊಂಟದ ಸೀಸದ ಬೆಲ್ಟು ಬಿಚ್ಚಿ ಸಮುದ್ರಕ್ಕೆ ಬಿಟ್ರು. ನೀರಲ್ಲಿ ಮೊದಲು ಮಾಡೋ ಕೆಲಸ ಅದೇ. ಸೀಸ ಹೋಗಲಿ, ಮನುಷ್ಯ ತೇಲಲಿ ಅಂತ. ಕಣ್ಣು ಬಿಟ್ಟಾಗ ದೋಣಿಲಿದ್ದೆ, ಕೆನ್ನೆಗೆ ಬಾರಿಸ್ತಾ ಇದ್ರು. ಸರಿಹೋದೆ ಭಾವ, ನೀವು ಹೋಗಿ ಮೀನು ಹಿಡೀರಿ ಅಂದೆ. ಹೋಗಲಿಲ್ಲ ಪುಣ್ಯಾತ್ಮ. ಎಚ್ಚರ ಬಂದವನು ಮತ್ತೆ ತಪ್ಪಬಹುದು, ಅವನನ್ನ ಒಬ್ಬನೇ ಬಿಡಬಾರದು ಅಂತ. ದಡಕ್ಕೆ ಬರೋ ತನಕ ಮಾತಾಡಿಸ್ತಾನೇ ಇದ್ರು. ಮಗ್ಗಿ ಹೇಳಿಸಿದ್ರು ನನ್ನ ಕೈಲಿ! ಹದಿನಾಲ್ಕರ ಮಗ್ಗಿ. ಎಚ್ಚರ ಇದ್ದಾಗಲೇ ಬರ್ತಿರಲಿಲ್ಲ ನನಗೆ.

ಏನಕ್ಕ? ಅಳಬೇಡ. ಓ, ಅಳ್ತಿಲ್ಲ. ಸರಿ.

ಅವತ್ತಿಂದೂ ಇನ್ನೊಂದು ಸಲ ಹೇಳ್ಲಾ? ನೀನು ಒಂದು ಸಲಾನೂ ಸರಿಯಾಗಿ ಕೇಳೇ ಇಲ್ಲ. ಎಲ್ಲರೂ ಕೇಳಿದ್ರು, ನೀನು ಮಾತ್ರ ಕೇಳಲಿಲ್ಲ.

ದೋಣಿಲಿ ಇರಬೇಕಾದ ಮೂರನೆಯವನಿಗೆ ಜ್ವರ. ವಾಪಸ್ ಹೋಗೋಣ ಅಂದ್ರು ಭಾವ, ನಾನೇ ಇಬ್ಬರೇ ಸಾಕು ಅಂದೆ. ನೀರು ಕನ್ನಡಿ ಥರ ಇತ್ತು. ನಾನು ಕೆಳಗೆ, ಭಾವ ಮೇಲೆ. ಸಣ್ಣ ಮೀನುಗಳೆಲ್ಲ ಒಂದೇ ಸಲಕ್ಕೆ ಮಾಯ ಆದವು. ನನಗೆ ಮೈಯೆಲ್ಲ ಜುಮ್ ಅಂತು. ಆಮೇಲೆ ಬಂತು ಅದು. ಬಂತು ಅಂದ್ರೆ... ನೀಲಿಯೊಳಗಿಂದ ಒಂದು ಗೋಡೆ ಬಂದ ಹಾಗೆ. ಅವಸರ ಇಲ್ಲ, ಯಾರ ಹೆದರಿಕೆನೂ ಇಲ್ಲ. ಹೊಡೆದೆ. ಕಿವಿರಿನ ಹಿಂದಕ್ಕೆ ಕೂತ್ಕೊಳ್ತು ಈಟಿ.

ಈಟಿಗೆ ಹಗ್ಗ, ಹಗ್ಗದ ತುದಿಗೆ ಕೆಂಪು ಬುಂಡೆಗಳು, ನೀನು ನೋಡಿದ್ದೀಯಲ್ಲ. ಮೀನು ಎಳ್ಕೊಂಡು ಓಡುತ್ತೆ, ಬುಂಡೆ ತೇಲ್ತಾ ಅದನ್ನ ಸುಸ್ತು ಮಾಡುತ್ತೆ, ನಾವು ಹಿಂದೆ ಈಜಬೇಕು. ಈ ಮೀನು ಬುಂಡೆಗಳನ್ನೇ ಮುಳುಗಿಸ್ತು! ಒಂದಾದ ಮೇಲೊಂದು, ಗುಳುಕ್ ಗುಳುಕ್ ಅಂತ. ಹಗ್ಗ ದೋಣಿಗೆ ಕಟ್ಟಿಬಿಡೋದಲ್ವಾ ಅಂತ ಅಧ್ಯಕ್ಷರ ಹೆಂಡತಿ ಕೇಳ್ತಾರೆ. ಕಟ್ಟೋ ಹಾಗಿಲ್ಲ. ದೋಣಿಗೆ ಕಟ್ಟಿದ್ರೆ, ಇನ್ನೊಬ್ಬ ಹಗ್ಗ ಮುಟ್ಟಿದ್ರೆ, ದಾಖಲೆ ಹೋಯ್ತು. ಹೊಡೆದವನೇ ಒಬ್ಬನೇ ತರಬೇಕು. ಅದು ನಿಯಮ.

ಭಾವ ಈಟಿ ಗಟ್ಟಿ ಕೂತಿದೆಯಾ ನೋಡೋಕೆ ಮುಳುಗಿರಬೇಕು. ಮುಟ್ಟೋಕಲ್ಲ, ಬರೀ ನೋಡೋಕೆ. ಮೀನು ಆಳಕ್ಕೆ ಹೋಗಿತ್ತು, ಅವರೂ ಹೋದ್ರು, ಹೆಚ್ಚು ಹೊತ್ತು ನಿಂತುಬಿಟ್ರು. ನಾನು ಬುಂಡೆ ಹಿಂದೆ ದೂರ ಹೋಗಿದ್ದೆ, ಕಾಣಿಸಲಿಲ್ಲ. ತಿರುಗಿ ನೋಡಿದಾಗ ಭಾವ ಇಲ್ಲ. ಹುಡುಕಿದೆ ಅಕ್ಕ. ಎಷ್ಟು ಹುಡುಕಿದೆ ಅಂತ ನನಗೇ ಗೊತ್ತು. ಕೊನೆಗೆ ಸಿಕ್ಕಿದ್ರು, ಬೋರಲಾಗಿ ತೇಲ್ತಿದ್ರು. ಬೆಲ್ಟು ಇರಲಿಲ್ಲ. ಪಾಪ, ಅವರೇ ಬಿಚ್ಚಿ ಬಿಟ್ಟಿರಬೇಕು ಕೊನೆ ಗಳಿಗೇಲಿ. ಆಗಲೇ ಎಲ್ಲ ಮುಗಿದಿತ್ತು. ದೋಣಿಗೆ ಎಳೆದು ಹಾಕ್ಕೊಂಡೆ. ಬಿಸಿಲು ಸುಡ್ತಿತ್ತು, ತಲೆ ಕೆಳಗೆ ಲೈಫ್ ಜಾಕೆಟ್ ಮಡಚಿ ಇಟ್ಟೆ, ಹಲಗೆ ಒತ್ತಬಾರದು ಅಂತ... ಆಮೇಲೆ ಸೀದಾ ದಡಕ್ಕೆ.

ಏನು?

ಮೀನಾ? ಮೀನು... ಮೀನು ಮೊದಲೇ ಸುಸ್ತಾಗಿತ್ತು. ಅಲ್ಲ, ಮೊದಲು ಮೀನು ದೋಣಿ ಪಕ್ಕ ತಂದಿದ್ದೆ, ಆಮೇಲೆ ಭಾವನ್ನ... ಅಲ್ಲಲ್ಲ. ತಲೆ ಸರಿ ಇರಲಿಲ್ಲ ಅಕ್ಕ ಅವತ್ತು. ಹಿಂದೆ ಮುಂದೆ ಆಗುತ್ತೆ. ಪೊಲೀಸಿನವರೇ ಅಷ್ಟು ಕೇಳಲಿಲ್ಲ, ನೀನು ಹೀಗೆ ಹುಬ್ಬು ಗಂಟಿಕ್ಕಿ ನೋಡ್ತೀಯಲ್ಲ!

ಎದ್ದೆ ಯಾಕೆ? ಹೊರಟೆಯಾ? ಓ, ಮಾಸ್ಕಾ. ತೆಗಿ, ತೆಗಿ. ಎರಡೂ ಕಡೆ ಕೊಂಡಿ ಇದೆ ನೋಡು, ಒಟ್ಟಿಗೆ ಎತ್ತಬೇಕು. ಉಪ್ಪುನೀರಿಗೆ ತುಕ್ಕು ಹಿಡಿದಿರುತ್ತೆ. ಮೇಲೆ ಹಗ್ಗ ಇರುತ್ತೆ, ಅದನ್ನ ಪಕ್ಕಕ್ಕೆ ಹಾಕು. ಒದ್ದೆ ಟವೆಲ್ ಹಾಗೇ ಬಿಟ್ಟಿದ್ದೀನಿ, ಮುಗ್ಗಲು ವಾಸನೆ... ಅದರ ಕೆಳಗೆ ಇರಬೇಕು. ಸಿಕ್ತಾ? ನೋಡು, ನಾಳೆ ನೀನು ಆ ಬೂದು ಬಣ್ಣದ ಸೀರೆ ಉಟ್ಕೋ. ಗಾಡಿ ತಗೊಂಡು ನಾನೇ ಬರ್ತೀನಿ ಮನೆಗೆ, ಒಟ್ಟಿಗೆ ಹೋಗೋಣ, ಒಟ್ಟಿಗೆ ಹೋದ್ರೆ ಚೆನ್ನಾಗಿರುತ್ತೆ. ಸಿಕ್ತಾ ಅಕ್ಕ?

ಸಿಗಲಿಲ್ವಾ?

ಅದೇನು ಕೈಯಲ್ಲಿ?

ಅದು ನನ್ನದು. ಹಳೇದು. ಒಂದೇ ಥರ ಇರ್ತವೆ ಎಲ್ಲ ಬೆಲ್ಟುಗಳೂ, ಸೀಸ ಸೀಸವೇ. ಇಲ್ಲಿ ಕೊಡು. ಭಾರ ಇದೆ, ಕಾಲ ಮೇಲೆ ಬಿದ್ರೆ... ಕೊಡು ಅಕ್ಕ.

ಬಕಲಿಗೆ ಸೈಕಲ್ ಟ್ಯೂಬು ಸುತ್ತಿದೆ. ನೋಡಿದೆ. ನೀಲಿ ದಾರ. ಅವರ ಸೊಂಟಕ್ಕೆ ಒತ್ತುತ್ತೆ ಅಂತ ನೀನೇ ಹೊಲಿದಿದ್ದು. ನೋಡಿದೆ ಅಂದ್ನಲ್ಲ, ಯಾಕೆ ಮುಖಕ್ಕೆ ಹಿಡೀತೀಯ?

ನಾನು ನಿಜವಾಗ್ಲೂ ಮರೆತಿದ್ದೆ. ಇಲ್ಲಿದೆ ಅಂತ ಗೊತ್ತಿದ್ರೆ ನಿನ್ನ ಅದರ ಮೇಲೆ ಕೂರಿಸ್ತಿದ್ನಾ? ದೋಣಿಲಿ ಬಿಚ್ಚಿದ ಸಾಮಾನೆಲ್ಲ ಪೆಟ್ಟಿಗೆಗೆ ಹಾಕೋದು, ಕೈ ತಾನಾಗೇ ಮಾಡುತ್ತೆ... ಭಾವನೇ ಬೈದು ಬೈದು ಮಾಡಿಸಿದ ಅಭ್ಯಾಸ.

ಏನಾದ್ರೂ ಕೇಳು. ಸತ್ತವನ ಬೆಲ್ಟು ದೋಣಿಲಿ ಯಾಕೆ ಬಿಚ್ಚಿದೆ ಅಂತ ಕೇಳು. ಬೈಯಿ, ಹೊಡಿ, ಬೇಕಾದ್ರೆ ಹೊರಗೆ ಹೋಗಿ ಕೂಗು. ಅಕ್ಕ...

ಹೊಟ್ಟೆಗೆ ಬಿಗಿ ಆಗ್ತಿತ್ತು ಅವರಿಗೆ. ಉಸಿರು ಸರಾಗ ಬರಲಿ ಅಂತ ಬಿಚ್ಚಿದೆ.

ಹಾಂ. ಬರ್ತಿತ್ತು. ಉಸಿರು ಬರ್ತಿತ್ತು. ದೋಣಿ ಅಂಚು ಹಿಡ್ಕೊಂಡು ಅವರೇ ಮೇಲೆ ಬಂದಿದ್ರು, ತುಟಿ ನೀಲಿಯಾಗಿತ್ತು, ಅಲ್ಲೇ ಎಚ್ಚರ ತಪ್ತು, ನಾನು ಹತ್ತಿಸ್ಕೊಂಡೆ. ಕೆನ್ನೆಗೆ ಬಾರಿಸಿದೆ. ಕಣ್ಣು ಬಿಟ್ರು ಅಕ್ಕ! ನನ್ನ ಗುರುತು ಹಿಡಿದ್ರು. ಸರಿಹೋದ್ರು ಅಂದ್ಕೊಂಡೆ. ಬುಂಡೆ ಮತ್ತೆ ಮೇಲೆ ಬಂದಿತ್ತು, ಕೆಂಪಗೆ ಕಾಣಿಸ್ತಿತ್ತು, ದೂರ ದೂರ ಹೋಗ್ತಿತ್ತು. ದೋಣಿ ತಗೊಂಡು ಹೋಗಿ ಕಟ್ಟಿಬಿಡಬಹುದಿತ್ತು, ಆದ್ರೆ ಕಟ್ಟಿದ್ರೆ... ಒಂದು ಗಳಿಗೆ ಅಂದ್ಕೊಂಡೆ. ಹೋಗಿ ಹಿಡ್ಕೊಂಡು ಬಂದುಬಿಡ್ತೀನಿ, ಒಂದೇ ಗಳಿಗೆ. ಅದು ಅಷ್ಟು ಹೊತ್ತು ಎಳೆಯುತ್ತೆ ಅಂತ ನನಗೇನು ಗೊತ್ತು! ವಾಪಸ್ ಬರೋ ಹೊತ್ತಿಗೆ ಸೂರ್ಯ ಈ ಕಡೆ ವಾಲಿದ್ದ. ಅವರು ಜಾಕೆಟ್ ಮೇಲೆ ತಲೆ ಇಟ್ಟು ಹಾಗೇ... ಇಟ್ಟ ಹಾಗೇ ಇದ್ರು.

ಹೋಗೋವಾಗ ಚೆನ್ನಾಗಿದ್ರು ಅಕ್ಕ. ನೀನು ಹೋಗು ಅಂತ ಕೈ ಮಾಡಿದ್ರು. ಹೌದು, ಅವರೇ, ಮೀನು ಬಿಡಬೇಡ ಅಂತ...

ಕೈ ಯಾಕೆ ಹಿಡ್ಕೊಂಡೆ? ಬಿಡು. ಹಗ್ಗದ ಗಾಯ ಅದು, ಇನ್ನೂ ಮಾಗಿಲ್ಲ. ಅದರ ಮೇಲೇ ಬೆರಳಿಡ್ತೀಯಲ್ಲ, ಒಂದೊಂದು ಗುರುತಿಗೆ ಒಂದೊಂದು ಬೆರಳು... ನೋವಾಗುತ್ತೆ. ಅಕ್ಕ, ಬಿಡು. ನಾಳೆ ನೀನು ಬರೋದು ಬೇಡ, ಯಾರೂ ಬರೋದು ಬೇಡ, ಬಾಲ ಸಮುದ್ರಕ್ಕೆ ಎಸೀತೀನಿ. ಕೈ ಬಿಡು.

ಅವರೂ ಹೀಗೇ ಹಿಡ್ಕೊಂಡಿದ್ರು. ಬಂದೆ ಭಾವ, ಈಗ ಬಂದೆ ಅಂತ ಬೆರಳು ಬಿಡಿಸಿಕೊಂಡು ಹೋದೆ.